ಕೊಳ್ಳಲಾರದವರು ಕಟ್ಟಿದ ಕಾರುಗಳು

1948ರ ಅಕ್ಟೋಬರ್ ಮಾಸದಲ್ಲಿ, ಹತ್ತು ವರ್ಷಗಳ ವಿರಾಮದ ತರುವಾಯ, ಮೋಟಾರು ಪ್ರದರ್ಶನವು ಲಂಡನ್ನಿನ ಅರ್ಲ್ಸ್ ಕೋರ್ಟ್ ಭವನದಲ್ಲಿ ಮತ್ತೆ ನೆರೆದಾಗ, ಜನಸಮೂಹವು ಮುತ್ತಿಕೊಂಡು ನೋಡಿದ್ದು ಜಾಗ್ವಾರ್ ಸಂಸ್ಥೆಯ ಎಕ್ಸ್‌ಕೆ 120 ಎಂಬ ನೂತನ ಸ್ಪೋರ್ಟ್ಸ್ ಕಾರನ್ನು. ಗಂಟೆಗೆ 120 ಮೈಲಿ, ಎಂದರೆ ಸುಮಾರು 193 ಕಿಲೋಮೀಟರು ಓಡಬಲ್ಲೆನೆಂಬ ಪ್ರತಿಜ್ಞೆಯನ್ನು ತನ್ನ ಹೆಸರಿನಲ್ಲಿಯೇ ಧರಿಸಿದ್ದ ಆ ವಾಹನವನ್ನು ಕಣ್ತುಂಬ ನೋಡಿದವರಿಗೆ ಲೆಕ್ಕವಿಲ್ಲ. ಮನೆಗೆ ತಂದುಕೊಳ್ಳಬಲ್ಲವರಾದರೋ ಬೆರಳೆಣಿಕೆಯಷ್ಟು. ಹಣವಿದ್ದವನಿಗೂ ಅದು ದುರ್ಲಭವಾಗಿತ್ತು. ಯುದ್ಧದ ಸಾಲದಿಂದ ಬಸವಳಿದಿದ್ದ ಸರ್ಕಾರವು ಕಾರ್ಖಾನೆಗಳಿಗೆ ಉಕ್ಕನ್ನು ಹಂಚುವಾಗ, ಯಾರು ಎಷ್ಟು ಸರಕನ್ನು ಪರದೇಶಗಳಿಗೆ ಕಳುಹಿಸಿ ಡಾಲರುಗಳನ್ನು ಗಳಿಸುವರೆಂಬುದನ್ನೇ ನೋಡುತ್ತಿದ್ದಿತು. ಆದಕಾರಣ ಹೊಸ ಕಾರುಗಳಲ್ಲಿ ಬಹುಪಾಲು ಹಡಗು ಹತ್ತಿ ಹೋಗುತ್ತಿದ್ದವು. ಸ್ವದೇಶದ ಗ್ರಾಹಕನು ವರ್ಷಗಟ್ಟಲೆ ಸರದಿಯಲ್ಲಿ ಕಾಯಬೇಕು, ಕಾರು ಕೈಸೇರಿದ ಮೇಲೆ ಇಂತಿಷ್ಟು ಕಾಲ ಅದನ್ನು ಮಾರುವುದಿಲ್ಲವೆಂದು ಕರಾರುಪತ್ರಕ್ಕೆ ರುಜು ಹಾಕಬೇಕು, ಪೆಟ್ರೋಲನ್ನು ರೇಷನ್ ಚೀಟಿ ತೋರಿಸಿ ಪಡೆಯಬೇಕು (ಆ ಚೀಟಿ ತೊಲಗಿದ್ದು 1950ರ ಮೇ ತಿಂಗಳಿನಲ್ಲಿ), ಇವೆಲ್ಲದರ ಮೇಲೆ, 1940ರಲ್ಲಿ ವಿಧಿಸಿ ಯುದ್ಧ ಮುಗಿದ ಮೇಲೂ ತೆಗೆಯದೆ ಉಳಿಸಿಕೊಂಡಿದ್ದ ಖರೀದಿ ತೆರಿಗೆಯನ್ನು ತೆರಬೇಕು. ಸಾಮಾನ್ಯ ಕಾರುಗಳ ಮೇಲೆ ಸಗಟು ಬೆಲೆಯ ಮೂರರಲ್ಲಿ ಒಂದು ಪಾಲಿದ್ದ ಆ ತೆರಿಗೆ 1951ರಲ್ಲಿ ಮೂರರಲ್ಲಿ ಎರಡು ಪಾಲಿಗೆ ಏರಿತು.

ವೇಗದ ಕಾರನ್ನು ಕೊಳ್ಳುವುದಕ್ಕೆ ಬದಲಾಗಿ ತನ್ನದೇ ಒಂದನ್ನು ಕೈಯಾರೆ ಕಟ್ಟಿಕೊಂಡ ಆಂಗ್ಲ ತರುಣನನ್ನು ಸಾಮಾನ್ಯವಾಗಿ ಒಬ್ಬ ರಸಿಕನನ್ನಾಗಿಯೋ, ಯಂತ್ರಯುಗದಲ್ಲಿ ಕೈಕಸುಬಿನ ಮಾನವನ್ನು ಕಾಪಾಡಿದ ವ್ರತಸ್ಥನನ್ನಾಗಿಯೋ ಚಿತ್ರಿಸುವುದು ಲೇಖಕರ ವಾಡಿಕೆ. ಈ ಚಿತ್ರ ಮನೋಹರವಾದದ್ದು. ಆದರೆ ಮೇಲೆ ಹೇಳಿದ ಸಂಗತಿಗಳನ್ನು ಎದುರಿಗಿಟ್ಟುಕೊಂಡು ನೋಡಿದರೆ, ಆತನನ್ನು ಗ್ಯಾರೇಜಿಗೆ ಅಟ್ಟಿದ್ದು ರಸಿಕತೆಗಿಂತ ಹೆಚ್ಚಾಗಿ ಅಭಾವ, ಅಭಾವಕ್ಕಿಂತಲೂ ಹೆಚ್ಚಾಗಿ ತೆರಿಗೆ, ಎಂದು ನನಗೆ ತೋರುತ್ತದೆ. ಹಾಗೆ ಅಟ್ಟಲ್ಪಟ್ಟವರಲ್ಲಿ ಕೆಲವರು ಜಗತ್ತಿನ ಮೋಟಾರು ವಿದ್ಯೆಯ ದಿಕ್ಕನ್ನೇ ಬದಲಿಸಿದರೆಂಬುದು ಅರ್ಥಸಚಿವರ ಲೆಕ್ಕಾಚಾರದಲ್ಲಿ ಇರದಿದ್ದ ಫಲ.

ಇಂತಹ ಸ್ವಯಂನಿರ್ಮಿತ ಕಾರುಗಳನ್ನು ಇಂಗ್ಲೆಂಡಿನಲ್ಲಿ ಸ್ಪೆಷಲ್ ಎಂದು ಕರೆಯುತ್ತಿದ್ದರು. ಈ ಸಂಪ್ರದಾಯ ಎರಡನೆಯ ಮಹಾಯುದ್ಧಕ್ಕಿಂತ ಹಿಂದಿನದು. ವುಸ್ಟರ್‌ಶೈರಿನ ಶೆಲ್ಸ್ಲಿ ವಾಲ್ಷ್ ಎಂಬಲ್ಲಿ ಒಂದು ಜಮೀನಿನ ಇಳಿಜಾರಿನ ಮೇಲೆ 1905ರಿಂದ ಬೆಟ್ಟವೇರುವ ಸ್ಪರ್ಧೆ ನಡೆಯುತ್ತಿದ್ದಿತು. ದಾರಿಯ ಉದ್ದ ಕೇವಲ ಸಾವಿರ ಗಜ. ಒಂದು ನಿಮಿಷದೊಳಗೆ ಮುಗಿದುಹೋಗುವ ಆ ಏರಾಟದಲ್ಲಿ ದೀರ್ಘಕಾಲ ಬಾಳಿಕೆ ಬರುವ ಗಟ್ಟಿಮುಟ್ಟಾದ ಕಾರಿಗೆ ವಿಶೇಷ ಮರ್ಯಾದೆಯೇನೂ ಇಲ್ಲ. ಹಗುರವಾಗಿದ್ದು ಥಟ್ಟನೆ ಚಿಮ್ಮುವುದಷ್ಟೇ ಅಲ್ಲಿ ಬೇಕಾದದ್ದು. ಬೇಸಿಲ್ ಡ್ಯಾವೆನ್‌ಪೋರ್ಟ್ ಎಂಬಾತ, ಹಳೆಯ ಜಿ.ಎನ್. ಕಾರಿನ ಅಸ್ಥಿಪಂಜರದ ಮೇಲೆ ಕಟ್ಟಿದ 'ಸ್ಪೈಡರ್' ಎಂಬ ಎರಡು ಸಿಲಿಂಡರಿನ ವಿಚಿತ್ರ ಯಂತ್ರದಿಂದ, 1920ರ ದಶಕದ ಉತ್ತರಾರ್ಧದಲ್ಲಿ ಈ ಬೆಟ್ಟದ ದಾಖಲೆಗಳನ್ನು ಮತ್ತೆ ಮತ್ತೆ ಮುರಿದನು. ಭಾರೀ ಬೆಲೆಯ ರೇಸ್ ಕಾರುಗಳ ಒಡೆಯರು ಪಕ್ಕದಲ್ಲಿ ನಿಂತು ನೋಡಿದರು. ಅದೇ ದಶಕದ ಕೊನೆಯಲ್ಲಿ ಜಾನ್ ಬೋಲ್ಸ್ಟರ್ ಎಂಬ ಹುಡುಗ, ತನ್ನ ಸಹೋದರನೊಡಗೂಡಿ, ಮರದ ಚೌಕಟ್ಟಿಗೆ ಮೋಟಾರ್ ಸೈಕಲ್ಲಿನ ಜೆ.ಎ.ಪಿ. ಎಂಜಿನನ್ನು ಬಿಗಿದು 'ಬ್ಲಡಿ ಮೇರಿ' ಎಂದು ಹೆಸರಿಟ್ಟನು. ಒಂದು ಎಂಜಿನ್ ಸಾಲದೆ ಬಂದಾಗ ಎರಡನೆಯದನ್ನೂ ಅದರ ಪಕ್ಕಕ್ಕೆ ಕೂರಿಸಿದನು. ಈ ಬೋಲ್ಸ್ಟರನೇ ಮುಂದೆ 1949ರಲ್ಲಿ 'ಸ್ಪೆಷಲ್ಸ್' ಎಂಬ ಗ್ರಂಥವನ್ನು ಬರೆದು ಈ ಕುಲದ ಪುರಾಣಿಕನಾದನು. 'ಬ್ಲಡಿ ಮೇರಿ' ಬ್ಯೂಲಿಯ ವಸ್ತುಸಂಗ್ರಹಾಲಯವನ್ನು ಸೇರಿತು.

ಆದರೆ ಇವರು ವಿರಳರು. ಸ್ಪೆಷಲ್ ಕಟ್ಟುವುದು ಜನಸಾಮಾನ್ಯರ ವ್ಯಸನವಾಗಬೇಕಾದರೆ ಅದಕ್ಕೆ ಅಗ್ಗವಾದ, ಎಲ್ಲೆಲ್ಲಿಯೂ ದೊರೆಯುವ, ಇಬ್ಬರು ಎತ್ತಿಡಬಲ್ಲಷ್ಟು ಹಗುರವಾದ ಮೂಲದ್ರವ್ಯವೊಂದು ಬೇಕಾಗಿದ್ದಿತು. ಅದನ್ನು ಒದಗಿಸಿದ್ದು ಆಸ್ಟಿನ್ ಸೆವೆನ್. 1921ರಲ್ಲಿ ದಿವಾಳಿಯ ಅಂಚಿಗೆ ಬಂದು ನಿಂತಿದ್ದ ತನ್ನ ಸಂಸ್ಥೆಯನ್ನು ಉಳಿಸಿಕೊಳ್ಳಲು ಒಂದು ಪುಟ್ಟ ಕಾರೇ ಉಪಾಯವೆಂದು ಹರ್ಬರ್ಟ್ ಆಸ್ಟಿನ್ ಬಗೆದರೂ, ನಿರ್ದೇಶಕ ಮಂಡಳಿಗೆ ಅದು ರುಚಿಸಲಿಲ್ಲ. ಆಗ ಆತ ಸ್ಟ್ಯಾನ್ಲಿ ಎಡ್ಜ್ ಎಂಬ ಹದಿನೆಂಟು ವರ್ಷದ ನಕ್ಷೆಗಾರನನ್ನು ಕಾರ್ಖಾನೆಯಿಂದ ತನ್ನ ಮನೆಗೆ ಕರೆಸಿಕೊಂಡು, ಅಲ್ಲಿನ ಬಿಲಿಯರ್ಡ್ಸ್ ಕೊಠಡಿಯಲ್ಲಿ ಕುಳ್ಳಿರಿಸಿ, ಕಾರಿನ ನಕ್ಷೆಗಳನ್ನು ಬರೆಸಿದನು. 1922ರಲ್ಲಿ ಹೊರಬಂದ ಆ ಕಾರಿಗೆ 696 ಘನ ಸೆಂಟಿಮೀಟರಿನ ನಾಲ್ಕು ಸಿಲಿಂಡರಿನ ಎಂಜಿನ್. ಅದು ಬೇಗನೆ 747 ಘನ ಸೆಂಟಿಮೀಟರಿಗೆ ಬೆಳೆಯಿತು. 1939ರಲ್ಲಿ ತಯಾರಿಕೆ ನಿಲ್ಲುವ ಹೊತ್ತಿಗೆ ಸುಮಾರು 2,90,000 ಕಾರುಗಳು ಬೀದಿಗಿಳಿದಿದ್ದವು.

ಈ ಕಾರಿನ ಗುಣಗಳಿಗಿಂತ ದೋಷಗಳೇ ನಮ್ಮ ಕಥೆಗೆ ಮುಖ್ಯ. ಅದರ ಛಾಸಿ ಇಂಗ್ಲಿಷಿನ 'ಎ' ಅಕ್ಷರದಂತೆ ಮುಂದೆ ಕೂಡಿಕೊಂಡು ಹಿಂದೆ ಅಗಲವಾಗುವ ಎರಡು ತೆಳುವಾದ ಉಕ್ಕಿನ ದೂಲಗಳಿಂದಾದದ್ದು. ತಿರುವಿನಲ್ಲಿ ಅದು ತಿರುಚಿಕೊಳ್ಳುವುದು. ಹಿಂದಿನ ಸ್ಪ್ರಿಂಗುಗಳು ಛಾಸಿಯ ತುದಿಯಿಂದ ಹೊರಚಾಚಿದ ಅರೆಬರೆ ಬಿಲ್ಲುಗಳು. ಕಾರು ಬಾಗಿದೊಡನೆ ಹಿಂಬದಿಯ ಅಚ್ಚೇ ಓರೆಯಾಗಿ, ಚಾಲಕನು ಕೇಳದಿದ್ದರೂ ಒಂದಿಷ್ಟು ದಿಕ್ಕು ತಿರುಗಿಸಿಬಿಡುವುದು. ಬಹುಕಾಲದವರೆಗೆ ಅದರ ಕ್ರ್ಯಾಂಕಿಗೆ ಎರಡೇ ಬೇರಿಂಗುಗಳು. ಎಂಜಿನನ್ನು ಜೋರಾಗಿ ತಿರುಗಿಸಿದರೆ ನಡುವೆ ಆಧಾರವಿಲ್ಲದ ಕ್ರ್ಯಾಂಕು ಬಾಗುವುದು, ಒಮ್ಮೊಮ್ಮೆ ತುಂಡಾಗುವುದು. ಬ್ರೇಕುಗಳ ವಿಷಯದಲ್ಲಿ ಮೌನವೇ ಲೇಸು. ಇಷ್ಟೆಲ್ಲ ಕೊರತೆಗಳು ಒಂದೇ ಕಾರಿನಲ್ಲಿ, ಅದೂ ಯಾವ ಮುಚ್ಚುಮರೆಯೂ ಇಲ್ಲದೆ, ಕಣ್ಣಿಗೆ ಕಾಣುವಂತೆ ನೆಲಸಿದ್ದುದರಿಂದ, ಅದು ತರುಣರ ಪಾಲಿಗೆ ಒಂದು ಪಾಠಶಾಲೆಯಾಯಿತು. ಪರಿಪೂರ್ಣವಾದ ಕಾರನ್ನು ಬಿಚ್ಚಿದವನು ಅದನ್ನು ಹಾಗೆಯೇ ಮತ್ತೆ ಮುಚ್ಚುವುದನ್ನಲ್ಲದೆ ಬೇರೇನನ್ನು ಕಲಿತಾನು?

ಯುದ್ಧ ಮುಗಿದಾಗ ಈ ಕಾರುಗಳು ಸಹಸ್ರಾರು ಸಂಖ್ಯೆಯಲ್ಲಿ, ಒಡಲು ಕೊಳೆತು, ಬಟ್ಟೆಯ ಹೊದಿಕೆ ಹರಿದು, ಗುಜರಿಯವರ ಅಂಗಳಗಳಲ್ಲಿಯೂ ಮನೆಗಳ ಹಿತ್ತಿಲುಗಳಲ್ಲಿಯೂ ಅಲ್ಪ ಬೆಲೆಗೆ ದೊರೆಯುತ್ತಿದ್ದವು. ಕೊಂಡವನು ಮಾಡುತ್ತಿದ್ದ ಕೆಲಸ ಹೆಚ್ಚುಕಡಿಮೆ ಒಂದೇ ಬಗೆಯದು. ಹಳೆಯ ಒಡಲನ್ನು ಕಳಚಿ ಎಸೆಯುವುದು. ಸ್ಪ್ರಿಂಗುಗಳನ್ನು ಚಪ್ಪಟೆಗೊಳಿಸಿ ಕಾರನ್ನು ನೆಲದ ಸಮೀಪಕ್ಕೆ ಇಳಿಸುವುದು. ರೇಡಿಯೇಟರನ್ನೂ ಸ್ಟಿಯರಿಂಗ್ ದಂಡವನ್ನೂ ತಗ್ಗಿಸುವುದು. ಮುಂದಿನ ಅಚ್ಚನ್ನು ನಟ್ಟನಡುವೆ ಕತ್ತರಿಸಿ, ಲೆಸ್ಲಿ ಬ್ಯಾಲಮಿ ಎಂಬಾತ ರೂಢಿಗೆ ತಂದ ಕ್ರಮದಲ್ಲಿ ಕೀಲು ಹಾಕಿ, ಎರಡು ಚಕ್ರಗಳೂ ಬೇರೆ ಬೇರೆಯಾಗಿ ಏರಿಳಿಯುವಂತೆ ಮಾಡುವುದು. ಕಡೆಗೆ ಅಲ್ಯೂಮಿನಿಯಂ ತಗಡನ್ನು ಸುತ್ತಿಗೆಯಿಂದ ಬಡಿದು ಒಂದು ಮೂಗನ್ನೂ ಒಂದು ಬಾಲವನ್ನೂ ಕೂಡಿಸುವುದು. ಹೀಗೆ ಆರಂಭವಾದವುಗಳಲ್ಲಿ ಎಷ್ಟೋ ಮುಗಿಯಲಿಲ್ಲ ಎಂಬುದನ್ನು ಸ್ಪೆಷಲುಗಳ ಸ್ತೋತ್ರಪಾಠಕರು ಮರೆತುಬಿಡುತ್ತಾರೆ. ತಗಡು ಕೈಗೆ ಒಗ್ಗದೆ, ಹಣ ಸಾಲದೆ, ಮದುವೆಯಾಗಿ ಗ್ಯಾರೇಜಿನ ಜಾಗ ಬೇರೆಯದಕ್ಕೆ ಬೇಕಾಗಿ, ಅರ್ಧದಲ್ಲಿಯೇ ಕೈಬಿಟ್ಟ ಕಾರುಗಳು ಮತ್ತೆ ಗುಜರಿಯ ದಾರಿ ಹಿಡಿದವು. ಮುಗಿದವುಗಳಲ್ಲಿಯೂ ಹಲವು, ಸತ್ಯವನ್ನೇ ಹೇಳಬೇಕೆಂದರೆ, ಮೂಲದ ಆಸ್ಟಿನ್ನಿಗಿಂತ ಚೆಲುವಾಗಿ ಕಂಡವೇ ಹೊರತು ಅದಕ್ಕಿಂತ ಬಹಳ ವೇಗವಾಗಿ ಓಡಲಿಲ್ಲ.

ಓಡಿದವು ಏಕೆ ಓಡಿದವು ಎಂಬುದನ್ನು ತಿಳಿಯಬೇಕಾದರೆ ಯುದ್ಧಪೂರ್ವದ ಒಂದು ಉದಾಹರಣೆಗೆ ಹಿಂದಿರುಗಬೇಕು. ಸ್ಮಿರ್ನಾ ನಗರದಲ್ಲಿ ಹುಟ್ಟಿ ನಿರಾಶ್ರಿತನಾಗಿ ಇಂಗ್ಲೆಂಡಿಗೆ ಬಂದಿದ್ದ ಅಲೆಕ್ ಇಸಿಗೋನಿಸ್, ತನ್ನ ಮಿತ್ರ ಜಾರ್ಜ್ ಡೌಸನ್ನನೊಡನೆ, 1930ರ ದಶಕದಲ್ಲಿ ಹಲವು ವರ್ಷಗಳ ಕಾಲ, ಯಂತ್ರಚಾಲಿತ ಉಪಕರಣಗಳ ನೆರವಿಲ್ಲದೆ, ಕೇವಲ ಕೈಯಿಂದ ಒಂದು ಕಾರನ್ನು ಕಟ್ಟಿದನು. ಆಸ್ಟಿನ್ ಸೆವೆನ್ನಿನ ಭಾಗಗಳು ಅದರಲ್ಲಿದ್ದುವಾದರೂ ಅದರ ಛಾಸಿ ಇರಲಿಲ್ಲ. ಅಲ್ಯೂಮಿನಿಯಂ ಹೊದಿಸಿದ ಪ್ಲೈವುಡ್ ಹಲಗೆಗಳನ್ನು ಎರಡು ಪಕ್ಕಗಳಲ್ಲಿ ನಿಲ್ಲಿಸಿ, ಎಂಜಿನನ್ನೂ ಆಸನವನ್ನೂ ಅವುಗಳ ನಡುವಿನ ಅಡ್ಡಕಟ್ಟುಗಳನ್ನಾಗಿಸಿ, ಒಡಲೇ ಬೆನ್ನುಮೂಳೆಯಾಗುವಂತೆ ಆತ ಯೋಜಿಸಿದ್ದನು. ಚಕ್ರಗಳ ಹೊಡೆತವನ್ನು ತಡೆಯಲು ಉಕ್ಕಿನ ಸ್ಪ್ರಿಂಗುಗಳ ಬದಲು ರಬ್ಬರನ್ನು ಬಳಸಿದನು. 'ಲೈಟ್‌ವೆಯ್ಟ್ ಸ್ಪೆಷಲ್' ಎಂಬ ಈ ಕಾರು 1938ರಲ್ಲಿ ಸಿದ್ಧವಾಗುವ ಹೊತ್ತಿಗೆ ಯುದ್ಧ ಬಾಗಿಲಿಗೆ ಬಂದಿತ್ತು. ಅದರ ಕರ್ತೃ ಮುಂದೆ 1948ರಲ್ಲಿ ಮಾರಿಸ್ ಮೈನರನ್ನೂ 1959ರಲ್ಲಿ ಮಿನಿಯನ್ನೂ ರೂಪಿಸಿದನು. ಮಿನಿಯ ಚಕ್ರಗಳು ಅಲೆಕ್ಸ್ ಮೌಲ್ಟನ್ ರಚಿಸಿದ ರಬ್ಬರಿನ ಶಂಕುಗಳ ಮೇಲೆಯೇ ಕುಳಿತಿದ್ದವು. ಲಕ್ಷಾಂತರ ಕುಟುಂಬಗಳನ್ನು ಹೊತ್ತ ಕಾರಿನ ಒಂದು ಮೂಲಸೂತ್ರವು, ಅಪಾರ ಬಂಡವಾಳದ ಸಂಶೋಧನಾಲಯದಲ್ಲಿ ಹುಟ್ಟದೆ, ಇಬ್ಬರು ಗೆಳೆಯರ ಬಿಡುವಿನ ವೇಳೆಯ ದುಡಿಮೆಯಲ್ಲಿ ಮೊದಲು ಪರೀಕ್ಷೆಗೆ ಒಳಗಾಯಿತು.

ಒಬ್ಬೊಬ್ಬರೇ ಮಾಡುತ್ತಿದ್ದ ಈ ಪ್ರಯೋಗಗಳಿಗೆ ಒಂದು ಸಭೆಯನ್ನೂ ಒಂದು ಶಾಸನವನ್ನೂ ಒದಗಿಸಿದ್ದು 750 ಮೋಟಾರ್ ಕ್ಲಬ್. 'ಮೋಟಾರ್ ಸ್ಪೋರ್ಟ್' ಪತ್ರಿಕೆಯ ಸಂಪಾದಕ ಬಿಲ್ ಬಾಡಿಯ ಪ್ರೇರಣೆಯಿಂದ 1939ರಲ್ಲಿ ಹುಟ್ಟಿದ ಈ ಸಂಘ, ಯುದ್ಧಾನಂತರ ಹಾಲೆಂಡ್ ಬರ್ಕೆಟ್ ಎಂಬ ಉತ್ಸಾಹಿ ಪಶುವೈದ್ಯನ ಮುಂದಾಳುತನದಲ್ಲಿ ಚಿಗುರಿ, 1950ರ ಸುಮಾರಿಗೆ ಅಗ್ಗದ ರೇಸಿನ ಒಂದು ನಿಯಮಾವಳಿಯನ್ನು ಜಾರಿಗೆ ತಂದಿತು. ಆಸ್ಟಿನ್ ಸೆವೆನ್ನಿನ ಛಾಸಿ ಇರಬೇಕು, ಅದರ ಎಂಜಿನ್ ಇರಬೇಕು. ಉಳಿದದ್ದು ಕಟ್ಟುವವನ ಜಾಣತನ. ಹಣವನ್ನು ಸುರಿದು ಗೆಲ್ಲುವ ಬಾಗಿಲನ್ನು ಮುಚ್ಚಿ ಬುದ್ಧಿಯನ್ನು ಸುರಿದು ಗೆಲ್ಲುವ ಬಾಗಿಲನ್ನು ತೆರೆದಿಟ್ಟ ಈ ವಿಧಾನ, ನನ್ನ ದೃಷ್ಟಿಯಲ್ಲಿ, ಮೋಟಾರು ಕ್ರೀಡೆಯ ಇತಿಹಾಸದಲ್ಲಿ ಮಾಡಲ್ಪಟ್ಟ ಅತ್ಯಂತ ವಿವೇಕಯುತವಾದ ಕಾನೂನುಗಳಲ್ಲಿ ಒಂದು. ಜ್ಯಾಕ್ ಫ್ರೆಂಚ್ ಎಂಬಾತನ 'ಸಿಂಪ್ಲಿಸಿಟಿ' ಎಂಬ ಕಾರು, ಯಾವ ಆಡಂಬರವೂ ಇಲ್ಲದೆ, ಪ್ರತಿಯೊಂದು ಭಾಗವನ್ನೂ ಅಚ್ಚುಕಟ್ಟಾಗಿ ಕೂಡಿಸುವುದರಿಂದಲೇ ಎಷ್ಟು ಸಾಧ್ಯವೆಂಬುದನ್ನು ತೋರಿಸಿ, ಅನೇಕರಿಗೆ ಮಾದರಿಯಾಯಿತು.

ಈ ಶಾಸನದ ಅಂಚನ್ನು ಹುಡುಕಿಕೊಂಡು ಬಂದವನು ಕಾಲಿನ್ ಚಾಪ್‌ಮನ್. 1928ರಲ್ಲಿ ಹುಟ್ಟಿ, ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನಲ್ಲಿ ಎಂಜಿನಿಯರಿಂಗ್ ವ್ಯಾಸಂಗ ಮಾಡುತ್ತಿದ್ದ ಈ ತರುಣ, ಓದಿನ ಜೊತೆಜೊತೆಗೆ ಹಳೆಯ ಕಾರುಗಳನ್ನು ಕೊಂಡು ಮಾರುವ ವ್ಯಾಪಾರವನ್ನೂ ನಡೆಸುತ್ತಿದ್ದನು. 1947ರ ಅಕ್ಟೋಬರಿನಲ್ಲಿ ಸರ್ಕಾರ ಖಾಸಗಿ ವಾಹನಗಳ ಪೆಟ್ರೋಲು ಪಡಿತರವನ್ನು ಇದ್ದಕ್ಕಿದ್ದಂತೆ ನಿಲ್ಲಿಸಿದಾಗ ಆ ವ್ಯಾಪಾರ ಕುಸಿದುಬಿದ್ದು, ಗಳಿಸಿದ್ದೆಲ್ಲ ನಷ್ಟವಾಗಿ, ಯಾರೂ ಕೊಳ್ಳದ ಒಂದು ಆಸ್ಟಿನ್ ಸೆವೆನ್ ಅವನ ಕೈಯಲ್ಲಿ ಉಳಿಯಿತು. ಮಾರಲಾಗದ ಆ ಸರಕನ್ನು ಆತ, ಮುಂದೆ ತನ್ನ ಪತ್ನಿಯಾಗಲಿದ್ದ ಹೇಜೆಲ್ ವಿಲಿಯಮ್ಸಳ ತಂದೆತಾಯಿಯರ ಮನೆಯ ಹಿಂದಣ ಗ್ಯಾರೇಜಿನಲ್ಲಿ, 1948ರಲ್ಲಿ ಸ್ಪೆಷಲ್ ಆಗಿ ಪರಿವರ್ತಿಸಿದನು. ಕಟ್ಟಡಗಳ ಬಲಾಬಲವನ್ನು ಲೆಕ್ಕಹಾಕುವ ವಿದ್ಯೆಯನ್ನು ಕಲಿತವನಾದ್ದರಿಂದ, ತಿರುಚಿಕೊಳ್ಳುವ ಆ ಛಾಸಿಯ ಮೇಲೆ ಅಲ್ಯೂಮಿನಿಯಂ ಅಂಟಿಸಿದ ಪ್ಲೈವುಡ್ಡಿನ ಒಡಲನ್ನು ಅಡ್ಡಗೋಡೆಗಳೊಡನೆ ಕೂಡಿಸಿ, ಒಡಲಿನ ಬಿಗುವಿನಿಂದಲೇ ಛಾಸಿಗೆ ಬಿಗುವು ಬರುವಂತೆ ಮಾಡಿದನು. ಇಸಿಗೋನಿಸ್ ಬಳಸಿದ್ದ ದ್ರವ್ಯವೇ ಇಲ್ಲಿಯೂ ಮರಳಿ ಬಂದಿತು.

ಚಾಪ್‌ಮನ್ನನ ಮೂರನೆಯ ಕಾರು, ಮೈಕೆಲ್ ಮತ್ತು ನೈಜೆಲ್ ಆ್ಯಲನ್ ಸಹೋದರರ ಕಾರ್ಯಾಗಾರದಲ್ಲಿ ರೂಪುಗೊಂಡದ್ದು, 750 ಕ್ಲಬ್ಬಿನ ರೇಸುಗಳಿಗೆಂದೇ ಉದ್ದೇಶಿಸಿದ್ದು. ಅದರೊಳಗಿನ ಒಂದು ಯುಕ್ತಿಯನ್ನು ಸ್ವಲ್ಪ ವಿಸ್ತಾರವಾಗಿ ಹೇಳಬೇಕು. ಆಸ್ಟಿನ್ ಎಂಜಿನ್ನಿನ ನಾಲ್ಕು ಸಿಲಿಂಡರುಗಳಿಗೆ ಪೆಟ್ರೋಲು ಬೆರೆತ ಗಾಳಿಯನ್ನು ಒಳಗೆ ಬಿಡುವ ದ್ವಾರಗಳು ಎರಡೇ. ಅಕ್ಕಪಕ್ಕದ ಎರಡೆರಡು ಸಿಲಿಂಡರುಗಳು ಒಂದೊಂದು ದ್ವಾರವನ್ನು ಹಂಚಿಕೊಳ್ಳಬೇಕು. ಸಿಲಿಂಡರುಗಳು ಉರಿಯುವ ಅನುಕ್ರಮದ ದೆಸೆಯಿಂದ ಈ ಜೊತೆಗಾರರ ಸರದಿ ಒಂದರ ಬೆನ್ನಿಗೆ ಇನ್ನೊಂದು ಬರುವುದು. ಒಂದು ತನ್ನ ಪಾಲನ್ನು ಸೆಳೆದು ಮುಗಿಸುವುದರೊಳಗೆ ಮತ್ತೊಂದು ಸೆಳೆಯತೊಡಗಿ, ಇಬ್ಬರಲ್ಲೊಬ್ಬರಿಗೆ ಸದಾ ಅರೆಹೊಟ್ಟೆ. ಎಂಜಿನ್ನಿನ ಅಚ್ಚನ್ನು ಬದಲಿಸುವ ಹಾಗಿಲ್ಲ, ನಿಯಮ ಬಿಡದು. ಚಾಪ್‌ಮನ್ ಆ ಎರಡು ದ್ವಾರಗಳೊಳಕ್ಕೆ ತೆಳ್ಳನೆಯ ಲೋಹದ ತಡಿಕೆಯನ್ನು ಇಳಿಬಿಟ್ಟು ಒಂದೊಂದನ್ನೂ ಎರಡಾಗಿ ಸೀಳಿದನು; ನಾಲ್ಕು ಸಿಲಿಂಡರುಗಳಿಗೆ ನಾಲ್ಕು ಕೊಳವೆಗಳಾದವು. 1951ರ ಋತುವಿನಲ್ಲಿ ಆ ಕಾರನ್ನು ಸಮೀಪಿಸುವವರೇ ಇಲ್ಲವಾದರು. ಸಂಘದವರು ಮರುವರ್ಷ ಆ ಉಪಾಯವನ್ನು ನಿಷೇಧಿಸಿದರು. ಇದನ್ನು ಅಸೂಯೆ ಎನ್ನುವಂತಿಲ್ಲ. ಎಲ್ಲರೂ ಅದನ್ನೇ ಅನುಕರಿಸಲು ಹೊರಟರೆ ಅಗ್ಗದ ರೇಸು ಅಗ್ಗವಾಗಿ ಉಳಿಯುವುದೆಂತು?

1952ರಲ್ಲಿ, ಹೇಜೆಲ್ ಕೊಟ್ಟ 25 ಪೌಂಡುಗಳ ಸಾಲದೊಡನೆ, ಹಾರ್ನ್ಸಿಯಲ್ಲಿ ತನ್ನ ತಂದೆಯ ಹೋಟೆಲಿನ ಹಿಂದಿದ್ದ ಕುದುರೆಲಾಯದಲ್ಲಿ ಚಾಪ್‌ಮನ್ ಲೋಟಸ್ ಸಂಸ್ಥೆಯನ್ನು ಸ್ಥಾಪಿಸಿದನು. ಅಲ್ಲಿಂದ ಹೊರಬಂದ ಮಾರ್ಕ್ ಸಿಕ್ಸ್ ಎಂಬ ಕಾರಿನಲ್ಲಿ ಆಸ್ಟಿನ್ನಿನ ಛಾಸಿಗೆ ಕೊನೆಗೂ ವಿದಾಯ ಹೇಳಲಾಯಿತು. ಅದರ ಸ್ಥಾನದಲ್ಲಿ, ಉಕ್ಕಿನ ಸಣ್ಣ ಕೊಳವೆಗಳನ್ನು ತ್ರಿಕೋಣಗಳಾಗಿ ಬೆಸೆದ, ಸುಮಾರು 25 ಕಿಲೋಗ್ರಾಂ ಮಾತ್ರ ತೂಗುವ ಪಂಜರ. ಈ ಕಾರನ್ನು ಆತ ಮಾರಿದ್ದು ಬಿಡಿಭಾಗಗಳ ಕಟ್ಟಾಗಿ. ಪಂಜರವನ್ನೂ ತಗಡನ್ನೂ ಲೋಟಸ್ ಕೊಡುವುದು, ಫೋರ್ಡಿನ 1172 ಘನ ಸೆಂಟಿಮೀಟರಿನ ಎಂಜಿನನ್ನೋ ಎಂ.ಜಿ.ಯದನ್ನೋ ಕೊಳ್ಳುವವನು ಎಲ್ಲಿಂದಲಾದರೂ ತಂದು ಕೂರಿಸಿಕೊಳ್ಳುವುದು. ಸುಮಾರು 110 ಕಾರುಗಳು ಹೀಗೆ ಹೋದವು.

ತೆರಿಗೆಯ ಕಥೆ ಇಲ್ಲಿ ಮತ್ತೆ ರಂಗಕ್ಕೆ ಬರುತ್ತದೆ. ಖರೀದಿ ತೆರಿಗೆಯು ಪೂರ್ಣಗೊಂಡ ಕಾರಿನ ಮೇಲಿನದು. ಬಿಡಿಭಾಗಗಳನ್ನು ತಂದು ಕೊಂಡವನೇ ಜೋಡಿಸಿಕೊಂಡರೆ ಅದು ಅನ್ವಯಿಸುತ್ತಿರಲಿಲ್ಲ. ಹಣ ಕೊಟ್ಟು ವೃತ್ತಿಪರರಿಂದ ಜೋಡಿಸಿಕೊಂಡರೆ ತೆರಿಗೆ ಮೈಮೇಲೆ ಬೀಳುವುದು. 1957ರಲ್ಲಿ ಲೋಟಸ್ ಸೆವೆನ್ ಬಂದಾಗ, ಸಿದ್ಧಪಡಿಸಿದ ಕಾರಿಗೆ ತೆರಿಗೆ ಸೇರಿ ಸಾವಿರ ಪೌಂಡುಗಳಿಗೂ ಮೇಲೆ ಬೆಲೆಯಿದ್ದರೆ, ಬಿಡಿಭಾಗಗಳ ಕಟ್ಟಿಗೆ ಅದರ ಅರ್ಧದಷ್ಟು. ಹೀಗಾಗಿ ಹತ್ತು ಬೆರಳುಗಳನ್ನೂ ಗ್ರೀಸಿನಲ್ಲಿ ಅದ್ದಿಕೊಳ್ಳುವ ಉತ್ಸಾಹವಿಲ್ಲದವನೂ ಸ್ಪ್ಯಾನರ್ ಹಿಡಿದನು. ಕಟ್ಟುವ ಹಂಬಲದಿಂದ ಕಟ್ಟಿದವರೆಷ್ಟು, ಉಳಿತಾಯಕ್ಕಾಗಿ ಕಟ್ಟಿದವರೆಷ್ಟು ಎಂದು ಬೇರ್ಪಡಿಸುವುದು ಇನ್ನು ಅಸಾಧ್ಯ. ನನ್ನ ಊಹೆಯಲ್ಲಿ ಎರಡನೆಯವರೇ ಬಹುಸಂಖ್ಯಾತರು. ನಮ್ಮ ದೇಶದ ಕಾನೂನು ಇದಕ್ಕೆ ತದ್ವಿರುದ್ಧ: 1988ರ ಮೋಟಾರು ವಾಹನಗಳ ಕಾಯಿದೆಯ 52ನೆಯ ವಿಧಿಯು ತಯಾರಕನು ನಮೂದಿಸಿದ ವಿವರಗಳಿಂದ ದೂರ ಸರಿಯುವಂತೆ ವಾಹನವನ್ನು ಮಾರ್ಪಡಿಸುವುದನ್ನು ತಡೆಯುತ್ತದೆ, ಸರ್ವೋಚ್ಚ ನ್ಯಾಯಾಲಯವು 2019ರಲ್ಲಿ ಅದನ್ನು ಎತ್ತಿಹಿಡಿಯಿತು. ಅಂತಹದೊಂದು ವಿಧಿ 1948ರ ಇಂಗ್ಲೆಂಡಿನಲ್ಲಿದ್ದಿದ್ದರೆ ಈ ಲೇಖನಕ್ಕೆ ವಸ್ತುವೇ ಇರುತ್ತಿರಲಿಲ್ಲ.

1950ರ ದಶಕದ ನಡುವಿನಿಂದ ಮತ್ತೊಂದು ಸೌಕರ್ಯ ಒದಗಿತು. ಗಾಜಿನ ನಾರನ್ನು ರಾಳದಲ್ಲಿ ಅದ್ದಿ ಅಚ್ಚಿನಲ್ಲಿ ಒತ್ತಿ ಒಡಲನ್ನು ತೆಗೆಯುವ ವಿಧಾನ ಪ್ರಚಾರಕ್ಕೆ ಬಂದು, ತಗಡು ಬಡಿಯುವ ಕಷ್ಟ ತಪ್ಪಿತು. ಆ್ಯಷ್ಲಿ, ಫಾಲ್ಕನ್, ರಾಚ್‌ಡೇಲ್ ಮುಂತಾದ ಸಂಸ್ಥೆಗಳು ಇಟಲಿಯ ಕಾರುಗಳ ಹೋಲಿಕೆಯ ಒಡಲುಗಳನ್ನು ಮಾರಿದವು. ಅವುಗಳ ಕೆಳಗೆ ಅದೇ ಮುದಿ ಫೋರ್ಡೋ ಆಸ್ಟಿನ್ನೋ ಏದುಸಿರು ಬಿಡುತ್ತಿದ್ದಿತು. ಈ ಅಧ್ಯಾಯದ ಮೇಲೆ ನನಗೆ ಹೆಚ್ಚಿನ ಗೌರವವಿಲ್ಲ. ಕಾರು ಏಕೆ ನಿಧಾನವಾಗಿದೆ ಎಂಬ ಪ್ರಶ್ನೆಯನ್ನು ಕೇಳದೆ ವೇಗದ ವೇಷವನ್ನು ಮಾತ್ರ ತೊಡಿಸಿದ ಕೆಲಸವದು. 1960ರಲ್ಲಿ ಹತ್ತು ವರ್ಷ ಮೀರಿದ ವಾಹನಗಳಿಗೆ ವಾರ್ಷಿಕ ಪರೀಕ್ಷೆಯನ್ನು ಸರ್ಕಾರ ಕಡ್ಡಾಯ ಮಾಡಿದ ಮೇಲೆ ಅವುಗಳಲ್ಲಿ ಬಹಳಷ್ಟು ಕಣ್ಮರೆಯಾದವು.

ಆ ಪ್ರಶ್ನೆಯನ್ನು ಕೇಳಿದವರ ಫಲ ಬೇರೆಯಾಯಿತು. ಚಾರ್ಲ್ಸ್ ಮತ್ತು ಜಾನ್ ಕೂಪರ್ ಎಂಬ ತಂದೆಮಕ್ಕಳು 1946ರಲ್ಲಿ ಎರಡು ಪುಟ್ಟ ಫಿಯಟ್ ಕಾರುಗಳ ಮುಂಭಾಗಗಳನ್ನು ಬೆನ್ನಿಗೆ ಬೆನ್ನು ಕೂಡಿಸಿ, ಸರಪಣಿಯಿಂದ ಹಿಂಚಕ್ರಗಳನ್ನು ತಿರುಗಿಸುವ ಅನುಕೂಲಕ್ಕಾಗಿ ಮೋಟಾರ್ ಸೈಕಲ್ಲಿನ ಎಂಜಿನನ್ನು ಚಾಲಕನ ಹಿಂದಕ್ಕೆ ಇರಿಸಿದರು. ಅದೇ ಪದ್ಧತಿಯ ಕೂಪರ್ ಕಾರಿನಲ್ಲಿ ಜ್ಯಾಕ್ ಬ್ರ್ಯಾಬಮ್ 1959 ಮತ್ತು 1960ರಲ್ಲಿ ವಿಶ್ವವಿಜೇತನಾದನು. ಎಂಜಿನ್ ಮುಂದಿರುವ ಗ್ರ್ಯಾನ್ ಪ್ರೀ ಕಾರು ಅಲ್ಲಿಗೆ ಹಳತಾಯಿತು. ಎರಿಕ್ ಬ್ರಾಡ್ಲಿ ತನ್ನ ದಾಯಾದಿಯೊಡನೆ ಆ 1172 ಘನ ಸೆಂಟಿಮೀಟರಿನ ಫೋರ್ಡ್ ಎಂಜಿನ್ನಿನ ಕಾರುಗಳ ರೇಸಿಗೆಂದು ಕಟ್ಟಿದ ಸ್ಪೆಷಲ್ಲಿನಿಂದ ಲೋಲಾ ಹುಟ್ಟಿತು. ಆಕ್ಲೆಂಡಿನಲ್ಲಿ ಹದಿಹರೆಯದ ಬ್ರೂಸ್ ಮೆಕ್‌ಲಾರೆನ್ ತನ್ನ ಮೊದಲ ಸ್ಪರ್ಧೆಗಿಳಿದದ್ದು ತಂದೆಯ ಹಳೆಯ ಆಸ್ಟಿನ್ ಸೆವೆನ್ ಅಲ್‌ಸ್ಟರ್ ಕಾರಿನಲ್ಲಿ. ಚಾಪ್‌ಮನ್ನನು ಒಡಲನ್ನೇ ಬೆನ್ನೆಲುಬಾಗಿಸುವ ತನ್ನ ಹಳೆಯ ಆಲೋಚನೆಯನ್ನು 1962ರ ಲೋಟಸ್ 25ರಲ್ಲಿ ಗ್ರ್ಯಾನ್ ಪ್ರೀ ಮಟ್ಟಕ್ಕೆ ಏರಿಸಿದನು. ಮರುವರ್ಷ ಜಿಮ್ ಕ್ಲಾರ್ಕ್ ಅದರಲ್ಲಿ ವಿಶ್ವವಿಜೇತನಾದನು. 1963ರಿಂದ 1978ರವರೆಗೆ ಲೋಟಸ್ ಏಳು ಬಾರಿ ತಯಾರಕರ ಪ್ರಶಸ್ತಿಯನ್ನು ಪಡೆಯಿತು.

ಇವರೆಲ್ಲರೂ ಎಳವೆಯಲ್ಲಿ ಹಣವಂತರಾಗಿದ್ದು, ವೇಗದ ಕಾರನ್ನು ಕೊಳ್ಳಬಲ್ಲವರಾಗಿದ್ದಿದ್ದರೆ ಏನಾಗುತ್ತಿತ್ತೆಂದು ಕೇಳಬಹುದು. ಹೆಚ್ಚಿನ ಅಶ್ವಶಕ್ತಿಯನ್ನು ಕೊಂಡವನು ಭಾರದ ವಿಚಾರವನ್ನು ಮಾಡಬೇಕಾಗಿಲ್ಲ. ಮೂವತ್ತು ನಲವತ್ತು ಅಶ್ವಶಕ್ತಿಗಿಂತ ಹೆಚ್ಚನ್ನು ಸುಲಭವಾಗಿ ಕೊಡದ ಎಂಜಿನ್ನಿಗೆ ಕಟ್ಟುಬಿದ್ದವನು ಮಾತ್ರ ಒಂದೊಂದು ಬ್ರ್ಯಾಕೆಟ್ಟನ್ನೂ ಕೈಯಲ್ಲಿ ತೂಗಿ ನೋಡಿ, ಇದು ಎರಡು ಕೆಲಸಗಳನ್ನು ಮಾಡಬಲ್ಲುದೇ ಎಂದು ವಿಚಾರಿಸುತ್ತಾನೆ. ಮಹಾಯುದ್ಧಕ್ಕೆ ಮೊದಲು ಜರ್ಮನಿಯ ಮತ್ತು ಇಟಲಿಯ ದೊಡ್ಡ ಕಾರ್ಖಾನೆಗಳ ಕೈಯಲ್ಲಿದ್ದ ರೇಸಿನ ಪ್ರಭುತ್ವ ಇಂಗ್ಲೆಂಡಿನ ಕುದುರೆಲಾಯಗಳಿಗೂ ಗ್ಯಾರೇಜುಗಳಿಗೂ ಸ್ಥಳಾಂತರಗೊಂಡದ್ದಕ್ಕೆ ಇದೊಂದು ಮುಖ್ಯ ಕಾರಣವೆಂಬುದು ನನ್ನ ಮತ.

1973ರ ಏಪ್ರಿಲ್ 1ರಂದು ಖರೀದಿ ತೆರಿಗೆ ರದ್ದಾಗಿ ಮೌಲ್ಯವರ್ಧಿತ ತೆರಿಗೆ ಬಂದಿತು. ಅದು ಕಾರಿಗೂ ಬಿಡಿಭಾಗಕ್ಕೂ ಭೇದವೆಣಿಸಲಿಲ್ಲ. ಶ್ರೀಮಂತ ಗ್ರಾಹಕರ ಕಡೆಗೆ ಮುಖ ತಿರುಗಿಸಿದ್ದ ಚಾಪ್‌ಮನ್ ಅದೇ ವರ್ಷ ಲೋಟಸ್ ಸೆವೆನ್ನಿನ ಹಕ್ಕುಗಳನ್ನು ತನ್ನ ವಿತರಕರಾಗಿದ್ದ ಕೇಟರ್‌ಹ್ಯಾಮ್ ಕಾರ್ಸ್‌ಗೆ ಮಾರಿಬಿಟ್ಟನು. ತೆರಿಗೆಯ ಲಾಭ ಹೋದೊಡನೆ ಉಳಿತಾಯಕ್ಕಾಗಿ ಕಟ್ಟುತ್ತಿದ್ದವರು ಹೊರಟುಹೋದರು. ಕಟ್ಟುವ ಹಂಬಲದವರು ಉಳಿದರು. 1996ರಲ್ಲಿ ರಾನ್ ಚಾಂಪಿಯನ್ ಎಂಬಾತ 250 ಪೌಂಡುಗಳಲ್ಲಿ ಸ್ಪೋರ್ಟ್ಸ್ ಕಾರನ್ನು ಕಟ್ಟಬಹುದೆಂದು ಸಾರುವ ಪುಸ್ತಕವೊಂದನ್ನು, ಸೆವೆನ್ನಿನ ಮಾದರಿಯ ಕೊಳವೆಪಂಜರದ ಅಳತೆಗಳ ಸಹಿತ, ಪ್ರಕಟಿಸಿದಾಗ ಅದನ್ನು ಕೈಗೆತ್ತಿಕೊಂಡವರು ಇವರೇ. ಕೇಟರ್‌ಹ್ಯಾಮ್ ಇಂದಿಗೂ ಸೆವೆನ್ ಕಾರನ್ನು ಸಿದ್ಧರೂಪದಲ್ಲಿಯೂ ಬಿಡಿಭಾಗಗಳ ಪೆಟ್ಟಿಗೆಗಳಲ್ಲಿಯೂ ಮಾರುತ್ತಿದೆ. ತೆರಿಗೆಯ ದರ ಎರಡಕ್ಕೂ ಒಂದೇ.